ತೀರ್ಥ ಕುಡಿದ ಕಬ್ಬಿಣದ ಕೈ

ಎಲ್ಲಿಂದ ಶುರು ಮಾಡ್ಲಿ? ಕಬ್ಬಿಣದ ಕೈಯಿಂದಲಾ, ಅದರ ಮೇಲೆ ನೀರು ಹುಯ್ದ ಮಹಾನುಭಾವನಿಂದಲಾ? ಕೈಯಿಂದ ಶುರು ಮಾಡಿ ಮುನ್ನೂರು ಹಾಳೆ ಹರಿದು ಒಲೆಗಾಕ್ದೆ. (ಸರಿ, ಮೂರು.) ಮಹಾನುಭಾವನಿಂದ ಶುರು ಮಾಡಿದ್ರೆ ಬರೀ ಬೈಗುಳವೇ ಬರುತ್ತೆ. ಬರ್ಲಿ ಬುಡಿ.

೧

ಎಂಬತ್ತಾರನೇ ಇಸವಿ. ತುಮಕೂರಿನ ಒಂದು ಪಾಲಿಟೆಕ್ನಿಕ್ಕು. (ಯಾವುದು ಅಂತ ಹೇಳಲ್ಲ, ಕೇಳ್ಬೇಡಿ.) ಕುಣಿಗಲ್ ತಾಲ್ಲೂಕು ಯಡಿಯೂರಿನ ಸರ್ವಮಂಗಳ ಅಲ್ಲಿ ಮೆಕ್ಯಾನಿಕಲ್ ಕೊನೇ ವರ್ಷ. ನಲವತ್ತು ಹುಡುಗರ ಮಧ್ಯೆ ಒಬ್ಬಳೇ ಹುಡುಗಿ. ರೋಬೋ ಅಂತ ಹೊಸ ಪಾಠ ಬಂದಿತ್ತು, ಕಲಿಸೋರಿಗೇ ಗೊತ್ತಿರ್ಲಿಲ್ಲ. ಇವಳು ಅಲ್ಲೇ ಬಟವಾಡಿ ಏರಿಯಾದ ಗುಜರಿ ಅಂಗಡಿಯಿಂದ ಲಾರಿ ವೈಪರ್ ಮೋಟ್ರು, ಸೈಕಲ್ ಚೈನು ಹೊತ್ಕೊಂಡ್ ಬಂದು ಪರೀಕ್ಷೆಗೆ ಅಂತ ಒಂದು ಕೈ ಮಾಡಿದ್ಲು. ಬಟನ್ ಒತ್ತಿದ್ರೆ ನಟ್ಟು ಎತ್ತಿ ಡಬ್ಬಿಗೆ ಹಾಕೋದು. ನಮ್ಮನೇಲಿ ಯಾವ ಗಂಡಸೂ ಒಂದೇ ಸಲ ಹೇಳಿದ್ದಕ್ಕೆ ಅಷ್ಟು ಕೆಲಸ ಮಾಡಿದ್ದಿಲ್ಲ.

೩ (ಎರಡು ಒಲೆಗೆ ಹೋಯ್ತು)

ದಸರಾ ರಜಕ್ಕೆ ಮುಂಚೆ ವರ್ಕ್‌ಶಾಪಲ್ಲಿ ಆಯುಧಪೂಜೆ. ವಿಭಾಗದ ಯಜಮಾನ ಸೀತಾರಾಮಯ್ಯ ಲೇತ್ ಮಿಷನ್ನಿಗೆ ಕುಂಕುಮ ಹಚ್ಚಿ, ಕಬ್ಬಿಣದ ಕೈ ಮೇಲೆ ಒಂದು ತಂಬಿಗೆ ತೀರ್ಥ ಹುಯ್ದೇಬಿಟ್ರು.

"ಸಾರ್! ಕೈ ಬುಡದ ಕರೆಂಟ್ ಡಬ್ಬಿ ಒಳಗೆ ರಿಲೇ ಸ್ವಿಚ್ಚಿದೆ, ನೀರು ಹೋಯ್ತು. ಒಂದ್ ಸ್ಕ್ರೂಡ್ರೈವರ್ ಕೊಡಿ, ಬಿಚ್ಚಿ ಒರೆಸ್ತೀನಿ."

"ಪೂಜೆಗಿಟ್ಟ ಆಯುಧ ಮುಟ್ತೀಯೇನಮ್ಮ? ವಿಜಯದಶಮಿ ಕಳೀಲಿ."

"ತುಕ್ಕು ಹಿಡಿಯುತ್ತೆ ಸಾರ್."

"ದೇವರ ನೀರಿಗೆ ತುಕ್ಕಾ?" ಅಂತ ನಕ್ಕು ಬೀಗ ಜಡಿದ್ರು. ಮೂರು ದಿನ.

ಬೀಗ ತೆಗೆದ ದಿನವೇ ಬೆಂಗಳೂರಿಂದ ಎಕ್ಸಾಮಿನರು ಬಂದ್ರು. ಸರ್ವಮಂಗಳ ಬಟನ್ ಒತ್ತಿದ್ಲು. ಕೈ ಅಲ್ಲಾಡ್ಲಿಲ್ಲ.

"ಹೆಣ್ಣು ಹುಡುಗಿ ಸಾರ್, ವೈರಿಂಗ್ ತಪ್ಪು ಮಾಡಿದಾಳೆ," ಅಂದ್ರು ಸೀತಾರಾಮಯ್ಯ. ರೆಕಾರ್ಡ್ ಬುಕ್ಕಲ್ಲಿ ಹಂಗೇ ಬರೆದು ಅವಳ ಮುಂದೆ ಇಟ್ರು. "ತಪ್ಪು ನಂದು ಅಂತ ಸಹಿ ಹಾಕು, ಪಾಸ್ ಮಾಡಿಸ್ತೀನಿ. ಇಲ್ಲಾಂದ್ರೆ ಫೇಲು."

ಅವಳ ಮೈ ಹೆಂಗೆ ಉರೀತು ಅಂದ್ರೆ, ಅದರಲ್ಲಿ ಕುಣಿಗಲ್ ತಾಲ್ಲೂಕಿಗೆಲ್ಲಾ ಅನ್ನ ಬೇಯಿಸಬಹುದಿತ್ತು.

ಒಂದನೇ ಅಂತ್ಯ

ಕಬ್ಬಿಣದ ಕೈ ಎದ್ದು ಸೀತಾರಾಮಯ್ಯನ ಕತ್ತಿನಪಟ್ಟಿ ಹಿಡಿದು ಪಕ್ಕದ ಗುಬ್ಬಿ ಊರಿಗೆ ಎಸೀತು.

"ಅಜ್ಜಿ, ಕೆಟ್ಟೋಗಿರೋ ಕೈ ಹೆಂಗೆ ಏಳುತ್ತೆ?" ಅಂತ ಬರೀತಿರೋ ನನ್ನನ್ನೇ ಕೇಳಿದ್ಲು ಸರ್ವಮಂಗಳ, ಹಾಳೆ ಒಳಗಿಂದಲೇ.

"ಕಥೆ ಕಣೇ, ಏಳುತ್ತೆ."

"ಆಮೇಲೆ ಕೈ ಎಬ್ಬಿಸಿದ್ದು ಕಥೆ ಬರೆದ ಅಜ್ಜಿ, ಈ ಹುಡುಗಿ ಅಲ್ಲ ಅಂತಾರೆ. ಹೊಡೆದಾಕು."

(ಮನಸ್ಸಿಲ್ಲದ ಮನಸ್ಸಲ್ಲಿ ಹೊಡೆದಾಕ್ದೆ.)

ಎರಡನೇದು

ಅಳ್ತಾ ಸಹಿ ಹಾಕಿ ಪಾಸಾದ್ಲು.

"ನಾನು ಅತ್ತಿದ್ದು ನೀನೆಲ್ಲಿ ನೋಡ್ದೆ?" ಅಂತ ನನ್ನ ಕೈಲಿದ್ದ ಪೆನ್ನೇ ಕಿತ್ಕೊಂಡ್ಲು.

ಇನ್ನು ಮೇಲೆ ಅವಳು ಮಾಡಿದ್ದೇ ಕಥೆ:

ಯಾರನ್ನೂ ಕೇಳದೆ ಸ್ಕ್ರೂಡ್ರೈವರ್ ಎತ್ಕೊಂಡ್ಲು. ಎಕ್ಸಾಮಿನರ ಕಣ್ಣೆದುರಿಗೇ ಆ ಕರೆಂಟ್ ಡಬ್ಬಿ ಬಿಚ್ಚಿ ಬಗ್ಗಿಸಿದ್ಲು. ತುಕ್ಕು ನೀರು ಮೇಜಿನ ಮೇಲೆ ಹರೀತು. ರೆಕಾರ್ಡಲ್ಲಿ ಬರೆದಿದ್ದನ್ನ ಅಡ್ಡ ಗೀರಿ ಕೆಳಗೆ ಬರೆದ್ಲು: 'ವೈರಿಂಗ್ ಸರಿ ಇದೆ. ನೀರು ಹುಯ್ದವರು ಸಹಿ ಹಾಕಲಿ.' ಬುಕ್ಕನ್ನ ಸೀತಾರಾಮಯ್ಯನ ಕಡೆ ತಳ್ಳಿದ್ಲು.

"ಏನಮ್ಮ ಇದು ದುರಹಂಕಾರ!"

"ಪೆನ್ನು ಬೇಕಾ ಸಾರ್?"

ಎಕ್ಸಾಮಿನರು ವಾಚು ನೋಡ್ಕೊಂಡ್ರು. "ಬೇಗ ಮುಗಿಸ್ರೀ, ನನ್ನ ಬಸ್ಸು ಹೊರಡುತ್ತೆ."

ಸಹಿ ಬಿತ್ತಾ? ಹುಡುಗಿ ಪಾಸಾ, ಫೇಲಾ? ಬರೆಯಲ್ಲ. ಬರೆದ್ರೆ ನೀವು ಪುಸ್ತಕ ಮಡಿಸಿಟ್ಟು ಕಾಫಿಗೆ ಎದ್ದೋಗ್ತೀರ. ಕೂತ್ಕಳಿ. ಆ ಮನುಷ್ಯ ಸಹಿ ಹಾಕೋವರೆಗೂ ಬೆಂಗಳೂರು ಬಸ್ಸನ್ನ ನಾನು ಸ್ಟ್ಯಾಂಡ್ ಬಿಟ್ಟು ಅಲ್ಲಾಡೋಕೆ ಬಿಡಲ್ಲ.