ಹಾಜರಿ ಪುಸ್ತಕದಲ್ಲಿಲ್ಲದ ಲೀಲಕ್ಕ

"ಲೀಲಾ ಅಂದ್ರೆ ಯಾರು?"

ಸೂಪರ್‌ವೈಸರ್ ಹಾಜರಿ ಪುಸ್ತಕ ಹಿಡಿದು ಶೆಡ್ಡಿನ ನಡುವೆ ನಿಂತು ಕೇಳಿದಾಗ ನಲವತ್ತು ಹೊಲಿಗೆ ಯಂತ್ರಗಳು ಒಂದೊಂದಾಗಿ ಸುಮ್ಮನಾದವು. ಆತ ಎಂದಿನಂತೆ ಮೆಟ್ಟಿಲಿನ ಕಡೆಯಿಂದ ಬಂದಿರಲಿಲ್ಲ. ಸರಕು ಇಳಿಸುವ ಹಿಂಬಾಗಿಲಿನಿಂದ ಬಂದಿದ್ದ.

"ದಿನಾ ಕೇಳಿಸ್ಕೋತಿದೀನಿ. ಲೀಲಕ್ಕ ದಾರ, ಲೀಲಕ್ಕ ನೀರು. ಈ ಪುಸ್ತಕದಲ್ಲಿ ಅಂಥ ಹೆಸರೇ ಇಲ್ವಲ್ಲ?"

ಅಂಥ ಹೆಂಗಸೂ ಅಲ್ಲಿರಲಿಲ್ಲ. ಬಾಗಿಲ ಬಳಿಯ ಇಸ್ತ್ರಿಯವಳು, ಮೆಟ್ಟಿಲ ಮೇಲೆ ಸೂಪರ್‌ವೈಸರನ ಬೂಟು ಕಂಡರೆ "ಲೀಲಕ್ಕಾ, ದಾರ" ಎನ್ನುತ್ತಿದ್ದಳು. ಧಣಿಯೇ ಬಂದರೆ "ಲೀಲಕ್ಕಾ, ನೀರು". "ಲೀಲಕ್ಕ ಮಲಗಿದ್ಲು" ಎಂದರೆ ಬಂದವರು ಹೋದರು, ಉಸಿರು ಬಿಡಬಹುದು. ಇಷ್ಟು ವರ್ಷ ಅದು ಬರೀ ತಮಾಷೆಯಾಗಿತ್ತು. ಈಚೆಗೆ ಗುಬ್ಬಿಯ ಅನ್ನವೇ ಆ ಹೆಸರಿನ ಮೇಲೆ ನಿಂತಿತ್ತು. ಎಲ್ಲರೂ ಗುಬ್ಬಿ ಎಂದು ಕರೆಯುವ, ಕಾಲರ್ ಹೊಲಿಯುವ ಆ ಪುಟ್ಟ ಹೆಂಗಸು ಈಗ ಆರು ತಿಂಗಳ ಬಸುರಿ. ಹೊಟ್ಟೆ ಕಂಡವರನ್ನು ಮರುದಿನ ಗೇಟಿನೊಳಗೆ ಬಿಡುತ್ತಿರಲಿಲ್ಲ. ಹೆಸರು ಕಿವಿಗೆ ಬಿದ್ದೊಡನೆ ಅವಳು ಬಟ್ಟೆಯ ಕಟ್ಟನ್ನು ಮಡಿಲಿಗೆ ಎಳೆದುಕೊಳ್ಳುತ್ತಿದ್ದಳು. ಇವತ್ತು ಕಟ್ಟು ನೆಲದಲ್ಲೇ ಇತ್ತು.

"ಹೇಳಲ್ವಾ? ಸರಿ. ಎಲ್ರೂ ಎದ್ದು ನಿಂತ್ಕೊಳ್ಳಿ. ಒಬ್ಬೊಬ್ರನ್ನೇ ಕೇಳ್ತೀನಿ."

ಮುಂದಿನ ಸಾಲಿನಲ್ಲಿ ಕುರ್ಚಿಗಳು ಸರಿಯತೊಡಗಿದವು. ಗುಬ್ಬಿ ಮೇಜಿನ ಅಂಚು ಹಿಡಿದಳು.

"ಎಲ್ರೂ ಯಾಕೆ ಸಾರ್, ನಾನೇ," ಅಂದಳು ಪಕ್ಕದ ಕಾಜಾ ಅಕ್ಕ. ಅಂಗಿಗಳಿಗೆ ಗುಂಡಿಯ ಕಾಜಾ ಹಾಕುತ್ತಲೇ ಅಲ್ಲಿ ಇಪ್ಪತ್ತು ವರ್ಷ ಕಳೆದವಳು.

"ನಿನ್ನ ಹೆಸರು ಅದಲ್ವಲ್ಲ?"

"ಅಜ್ಜಿ ಇಟ್ಟಿದ್ದು ಸಾರ್. ಒಂದ್ಸಲ ಬಾಯಿತಪ್ಪಿ ಹೇಳ್ಬಿಟ್ಟೆ, ಇವರಿಗೆ ಆಡ್ಕೊಳ್ಳೋಕೆ ಸಿಕ್ತು."

ಹಿಂದಿನ ಸಾಲಿನಲ್ಲಿ ಯಾರೋ ನಗಲು ಹೋಗಿ ಕೆಮ್ಮಿದರು.

"ಸರಿಯಾಗಿ ನಾನು ಬರೋ ಹೊತ್ತಿಗೇ ನಿನ್ನ ಹತ್ರ ದಾರ ಕೇಳ್ತಾರಾ?"

ಆತ ಪುಸ್ತಕ ಮುಚ್ಚಿದ.

"ಆಫೀಸಿಗೆ ಬಾ. ಚೀಲಾನೂ ತಗೊಂಡು ಬಾ."

ಚೀಲ ತರಲು ಹೇಳಿಸಿಕೊಂಡವರು ಯಾರೂ ಮರಳಿ ಆ ಶೆಡ್ಡಿಗೆ ಬಂದಿರಲಿಲ್ಲ. ಕಾಜಾ ಅಕ್ಕ ಕನ್ನಡಕ ಮಡಚಿಟ್ಟಳು, ಊಟದ ಡಬ್ಬಿ ಎತ್ತಿಕೊಂಡಳು. ಆಮೇಲೆ ತನ್ನ ಯಂತ್ರದ ಮೇಲಿದ್ದ ಅಂಗಿಗಳ ರಾಶಿಯನ್ನು ಎರಡೂ ಕೈಯಲ್ಲಿ ಬಾಚಿ ಗುಬ್ಬಿಯ ಮಡಿಲಿಗೆ ಹಾಕಿದಳು.

"ಕೂತ್ಕೊಂಡೇ ಮುಗಿಸಮ್ಮ. ಏಳಬೇಡ, ಮಡಿಕೆ ಕೆಡತ್ತೆ."

ಅವರಿಬ್ಬರೂ ಮೆಟ್ಟಿಲು ಹತ್ತಿ ಮರೆಯಾದಾಗ ಇಸ್ತ್ರಿಯವಳು ಅಭ್ಯಾಸಬಲದಿಂದ ಬಾಯಿ ತೆರೆದಳು. ಹಾಗೆಯೇ ಮುಚ್ಚಿಕೊಂಡಳು. ಒಂದು ಯಂತ್ರ ಶುರುವಾಯಿತು, ಮತ್ತೊಂದು.

ಗುಬ್ಬಿಯ ಮಡಿಲಲ್ಲಿ ಎಲ್ಲಕ್ಕಿಂತ ಮೇಲಿದ್ದ ಅಂಗಿಯ ತೋಳು ಒಳಗಿನಿಂದ ಯಾರೋ ತಟ್ಟಿದಂತೆ ಒಮ್ಮೆ ಅಲುಗಿತು. ಅವಳು ಮೆಟ್ಟಿಲ ಕಡೆ ನೋಡುತ್ತ, ಅದರ ಮೇಲೆ ಮೆಲ್ಲನೆ ಎರಡೂ ಕೈ ಇಟ್ಟಳು.