ಕಿತ್ತಳೆ ಮೀನು, ನೇರಳೆ ಮೀನು

ಅಕ್ಕ ಹೆಗಲ ಮೇಲಿನ ಚೀಲವನ್ನೂ ಇಳಿಸಿರಲಿಲ್ಲ. ಚಪ್ಪಲಿ ಕಾಲಲ್ಲೇ ಹಾಲ್ ದಾಟಿ ಹೋಗಿ ಮೀನಿನ ತೊಟ್ಟಿಯ ಮುಂದೆ ನಿಂತಳು. ಬೆರಳು ಮಡಿಸಿ ಎಣಿಸಿದಳು. ತಿರುಗಿ ಕೇಳಿದ ಮೊದಲ ಮಾತು ಇದು.

"ನನ್ನ ರಾಣಿ ಎಲ್ಲೇ?"

ತಂಗಿ ಅಡುಗೆಮನೆಯಲ್ಲಿ ಅವಳಿಗೆಂದೇ ಟೀ ಸೋಸುತ್ತಿದ್ದಳು. ಅಕ್ಕ ತನ್ನ ಮಗಳ ಹೆರಿಗೆಗೆಂದು ಹೋಗಿ ಮೂರು ತಿಂಗಳಾಗಿತ್ತು. ಭಾವ ಹಡಗಿನಲ್ಲಿ ಎಂಜಿನಿಯರು, ಮನೆಯಲ್ಲಿ ಇರುವುದೇ ಅಪರೂಪ. ಹಾಗಾಗಿ ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಬಂದು ಈ ಮಹಾರಾಣಿಯರಿಗೆ ಊಟ ಹಾಕಿ, ಗಾಜು ಒರೆಸಿ, ಉಪ್ಪುನೀರಿನ ಹದ ನೋಡಿ ಹೋದವಳು ತಂಗಿ. ನಡುವೆ ಪರದೆ ಅಂಗಡಿಯಲ್ಲಿ ದಿನವಿಡೀ ಹೊಲಿಗೆ ಮಿಷನ್ನು ತುಳಿಯುವುದು ಬೇರೆ. ಹೇಗಿದ್ದೀಯ ಎಂದು ಬಾಯಿಮಾತಿಗಾದರೂ ಕೇಳಬಹುದಿತ್ತು.

"ಅಲ್ಲೇ ಇದಾಳಲ್ಲ. ಆ ನೇರಳೆ ಬಣ್ಣದವಳೇ ರಾಣಿ" ಎಂದಳು.

ಅಕ್ಕ ಅವಳನ್ನು ಮೇಲಿಂದ ಕೆಳಗೆ ನೋಡಿ ನಕ್ಕಳು. ಆ ನಗುವನ್ನು ತಂಗಿ ಹತ್ತು ವರ್ಷದವಳಿದ್ದಾಗಿನಿಂದ ಬಲ್ಲಳು. ಕಂಡರೆ ಮೈ ಉರಿಯುತ್ತದೆ.

ಮೀನುಗಳ ವಿಷಯ ಇಷ್ಟು. ಸಮುದ್ರದ ಮೀನುಗಳವು. ಬಾಲ ಕತ್ತರಿ ಬಾಯಿ ತೆರೆದ ಹಾಗೆ ಕವಲು. ಐದು ಹೆಣ್ಣು, ಐದೂ ಕಿತ್ತಳೆ ಬಣ್ಣ. ಒಂದು ಗಂಡು ಇತ್ತು, ನೇರಳೆ ಬಣ್ಣದ್ದು, ಬೆನ್ನ ಮೇಲೆ ಉದ್ದನೆಯ ಕಡ್ಡಿ ಎತ್ತಿಕೊಂಡು ಮೆರೆಯುತ್ತಿತ್ತು. ಅದಕ್ಕೆ ಯಜಮಾನ ಎಂದು ಹೆಸರು. ಅಕ್ಕ ಹೊರಡುವ ವಾರ ಯಜಮಾನ ಸತ್ತ. ಉಳಿದ ಐದು ಹೆಣ್ಣುಗಳಲ್ಲಿ ಎಲ್ಲಕ್ಕಿಂತ ದೊಡ್ಡದು ರಾಣಿ, ಅಕ್ಕನ ಮುದ್ದು. ಅಕ್ಕ ಉಂಗುರದಿಂದ ಗಾಜನ್ನು ಟಕ್ ಟಕ್ ಎಂದು ಕುಟ್ಟಿದರೆ ಎಡಗಡೆ ಮೂಲೆಗೆ ಓಡಿ ಬರುತ್ತಿದ್ದುದು ಅದೊಂದೇ. ಈಗ ತೊಟ್ಟಿಯಲ್ಲಿದ್ದುದು ನಾಲ್ಕು ಕಿತ್ತಳೆ, ಒಂದು ನೇರಳೆ.

"ರಾಣಿ ಕಪ್ಪಾಗ್ತಿದಾಳೆ ಅಂತ ಫೋನ್ ಮಾಡಿದ್ದೆ ನಾನು" ಎಂದಳು ತಂಗಿ. "ಕನ್ನಡಕ ಬದಲಾಯಿಸ್ಕೋ ಅಂದೆ ನೀನು."

"ಹೌದೌದು. ಆವಾಗಿನಿಂದಲೇ ಕಥೆ ಕಟ್ತಾ ಇದ್ದೆ ಅಂತ ಈಗ ಗೊತ್ತಾಯ್ತು. ಸತ್ತಿದ್ರೆ ಸತ್ತಿತು ಅನ್ನು. ನಾನೇನು ನಿನ್ನ ನೇಣಿಗೆ ಹಾಕ್ತೀನಾ? ಯಜಮಾನನ ಥರದ್ದೊಂದು ತಂದು ಬಿಟ್ರೆ ಅಕ್ಕ ಖುಷಿಯಾಗ್ತಾಳೆ ಅಂದ್ಕೊಂಡ್ಯಾ? ಮತ್ತೆ ಅದೇ ಛತ್ರಿ ಬುದ್ಧಿ."

ಬಂತು ನೋಡಿ, ಛತ್ರಿ. ಹತ್ತು ವರ್ಷದ ಹುಡುಗಿಯಾಗಿದ್ದಾಗ ತಂಗಿ ಅಕ್ಕನ ಕೆಂಪು ಛತ್ರಿಯನ್ನು ಬಸ್ಸಿನಲ್ಲಿ ಮರೆತು ಬಂದಿದ್ದಳು. ಹೆದರಿಕೊಂಡು, ತನ್ನ ಕಾಸಿನ ಡಬ್ಬಿ ಒಡೆದು, ಅಂಥದ್ದೇ ಇನ್ನೊಂದು ಕೊಂಡು ಅದೇ ಮೊಳೆಗೆ ನೇತುಹಾಕಿದಳು. ಹಿಡಿಯ ಬಣ್ಣ ಬೇರೆ ಇದ್ದು ಸಿಕ್ಕಿಬಿದ್ದಳು. ಅಷ್ಟೇ. ಅಮ್ಮ ಆ ಕಥೆಯನ್ನು ಬಂದ ನೆಂಟರಿಗೆಲ್ಲ ಬಡಿಸಿದಳು, ಹೋದ ಮದುವೆಗಳಲ್ಲೆಲ್ಲ ಹೇಳಿ ನಗಿಸಿದಳು. ತಂಗಿಗೆ ಛತ್ರಿ ಎಂದೇ ಹೆಸರು ಬಿತ್ತು. ಮನೆಯಲ್ಲಿ ಏನೇ ಕಳೆದರೂ, ಏನೇ ಒಡೆದರೂ ಎಲ್ಲರ ಕಣ್ಣೂ ಮೊದಲು ಅವಳ ಕಡೆ. ಆಮೇಲೆ ಅವಳು ಆಡಿದ ಒಂದು ಮಾತನ್ನಾದರೂ ಯಾರಾದರೂ ಎರಡನೇ ಸಲ ಕೇಳದೆ ನಂಬಿದ್ದುಂಟೇ? ಇಲ್ಲ. ನಲವತ್ತು ದಾಟಿದರೂ ಇಲ್ಲ. ನನ್ನನ್ನು ಕೇಳಿದರೆ, ಆ ಮನೆಯಲ್ಲಿ ಹುಟ್ಟಿದ್ದೇ ಅವಳ ತಪ್ಪು.

"ನಾನು ಬದಲಾಯಿಸಿಲ್ಲ" ಎಂದಳು ತಂಗಿ. ಇದು ಹೇಗಾಯಿತೆಂದು ಅವಳಿಗೂ ಗೊತ್ತಿರಲಿಲ್ಲ. ಗೊತ್ತಿದ್ದುದು ಇದೊಂದೇ. "ಬೇರೆಯವರನ್ನ ಕರೆಸು. ತೋರಿಸು."

ಮರುದಿನ ಸಾಕುಮೀನಿನ ಅಂಗಡಿಯವನು ಬಂದ. ಮೀನುಗಳನ್ನು ಮಾರಿದವನೂ ಅವನೇ. ತೊಟ್ಟಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಮೊಬೈಲಿನ ಬೆಳಕು ಬಿಟ್ಟು, ಡಾಕ್ಟರ ಗತ್ತಿನಲ್ಲಿ ನೋಡಿದ.

"ಇದು ಯಾವ ಜಾತಿ ಹೇಳಪ್ಪ" ಎಂದಳು ಅಕ್ಕ. "ಗಂಡೋ ಹೆಣ್ಣೋ ಹೇಳು."

"ಆಂಥಿಯಾಸ್ ಮೇಡಂ. ನಿಮ್ಮ ಬೇರೆ ಮೀನುಗಳ ಜಾತೀನೇ. ಇದು ಗಂಡು, ಕಣ್ಣು ಮುಚ್ಕೊಂಡು ಹೇಳ್ತೀನಿ. ಬೆನ್ನ ಮೇಲೆ ಕಡ್ಡಿ ಇದೆ ನೋಡಿ. ಪಕ್ಕದ ರೆಕ್ಕೇಲಿ ಮಚ್ಚೆ ಬೇರೆ."

"ನೀನು ಕೊಟ್ಟಿದ್ದರಲ್ಲಿ ಗಂಡು ಎಷ್ಟು?"

"ಒಂದೇ ಮೇಡಂ. ಅದು ಸತ್ತಿತು ಅಂದ್ರಲ್ಲ."

"ಕೇಳಿಸ್ಕೊಂಡ್ಯಾ?" ಎಂದಳು ಅಕ್ಕ, ತಂಗಿಯ ಕಡೆ ತಿರುಗದೆಯೇ.

ತಂಗಿಗೆ ಪಿತ್ತ ನೆತ್ತಿಗೇರಿತು. ಜಾತಿ ಸರಿ, ಲಿಂಗ ಸರಿ. ತಾನು ಕಳ್ಳಿ ಎಂಬುದು ಮಾತ್ರ ಸುಳ್ಳು. ಆದರೆ ಆ ಎರಡು ನಿಜಗಳ ನಡುವೆ ಈ ಸುಳ್ಳನ್ನು ಎಷ್ಟು ಬಿಗಿಯಾಗಿ ಹೊಲಿದಿದ್ದರೆಂದರೆ, ಬಿಚ್ಚಲು ಒಂದು ಎಳೆಯೂ ಅವಳ ಕೈಗೆ ಸಿಗಲಿಲ್ಲ.

"ಇದನ್ನ ನೀನೇ ತಗೊಂಡು ಹೋಗು" ಎಂದಳು ಅಕ್ಕ ಮೀನಿನವನಿಗೆ. "ನೋಡಿದಾಗೆಲ್ಲ ಸುಳ್ಳೇ ನೆನಪಾಗುತ್ತೆ ನಂಗೆ."

ಅವನು ಬಲೆ ಇಳಿಸಿದ. ನೇರಳೆ ಮೀನು ಸಿಗಲಿಲ್ಲ. ಕಲ್ಲಿನ ಸಂದಿಗೆ ನುಗ್ಗಿತು, ಹಿಂದೆ ಸುತ್ತಿ ಬಂತು, ಮತ್ತೆ ನುಗ್ಗಿತು. ಅವನ ತೋಳು ಮೊಣಕೈವರೆಗೆ ಒದ್ದೆ, ಹಣೆಯಲ್ಲಿ ಬೆವರು. ಅಕ್ಕನಿಗೆ ತಾಳ್ಮೆ ಕೆಟ್ಟು ಉಂಗುರದ ಬೆರಳಿನಿಂದ ಗಾಜನ್ನು ಟಕ್ ಟಕ್ ಎಂದು ಕುಟ್ಟಿದಳು. ಕಲ್ಲಿನ ಹಿಂದಿನಿಂದ ನೇರಳೆ ಮೀನು ನೆಟ್ಟಗೆ ಎಡಗಡೆ ಮೂಲೆಗೆ ಬಂತು. ಬಲೆ ಅಲ್ಲೇ ಇತ್ತು.

"ಅಕ್ಕ, ನೋಡು, ಬಂತಲ್ಲ" ಎಂದು ತಂಗಿ ಅಕ್ಕನ ತೋಳು ಹಿಡಿದಳು. "ರಾಣಿ ಬಿಟ್ರೆ ಇನ್ಯಾರು ಬರ್ತಾರೆ ಅಲ್ಲಿಗೆ?"

"ಹಸಿದ ಮೀನು ಎಲ್ಲಿಗಾದ್ರೂ ಬರುತ್ತೆ" ಎಂದು ಅಕ್ಕ ತೋಳು ಬಿಡಿಸಿಕೊಂಡಳು. "ಬೀಗದ ಕೈ ಇಟ್ಟು ಹೋಗು."

ತಂಗಿ ಬೀಗದ ಕೈಯನ್ನು ಮೇಜಿನ ಮೇಲೆ ಕುಕ್ಕಿ ಹೊರಟಳು. ಅತ್ತಿದ್ದರೆ ಹಗುರವಾಗುತ್ತಿತ್ತೇನೋ. ಅಳು ಬರಲಿಲ್ಲ. ಅಂಗಡಿಗೆ ಹೋಗಿ ಯಾರದೋ ಮನೆಯ ಹಸಿರು ಪರದೆಗೆ ಅಂಚು ಹೊಲಿಯಲು ಕೂತು ಸೂಜಿ ಮುರಿದಳು. ಇನ್ನೊಂದು ಹಾಕಿ ಅದನ್ನೂ ಮುರಿದಳು. ಆ ಭಾನುವಾರ ಅಣ್ಣನ ಮನೆಯಿಂದ ಅಮ್ಮ ಫೋನ್ ಮಾಡಿ, "ಏನೇ, ಈ ಸಲ ಮೀನಂತೆ?" ಎಂದು ನಕ್ಕಾಗ ಫೋನ್ ಇಟ್ಟಳು. ಅಕ್ಕ ಆಗಲೇ ಮನೆಮಂದಿಗೆಲ್ಲ ಸುದ್ದಿ ಮುಟ್ಟಿಸಿದ್ದಳು. ಒಂದು ತಿಂಗಳು ತಂಗಿ ಆ ಬೀದಿಯ ಕಡೆ ತಲೆ ಹಾಕಲಿಲ್ಲ.

ಆಮೇಲೆ ಅಕ್ಕನ ಫೋನ್ ಬಂತು. "ಒಂದು ಸಲ ಬಂದು ಹೋಗೇ" ಎಂದಳು. ದನಿ ಬಿದ್ದುಹೋಗಿತ್ತು.

ತಂಗಿ ಹೋದಳು. ಸಮಾಧಾನ ಮಾಡಲು ಹೋದದ್ದಲ್ಲ, ಜಗಳ ಬಾಕಿ ಇತ್ತು. ಅಕ್ಕ ತೊಟ್ಟಿಯ ಕಡೆ ಕೈ ತೋರಿಸಿದಳು. ನಾಲ್ಕು ಕಿತ್ತಳೆ ಮೀನುಗಳಲ್ಲಿ ಮೂರು ಕಿತ್ತಳೆಯಾಗಿಯೇ ಇದ್ದವು. ನಾಲ್ಕನೆಯದಕ್ಕೆ ಬೆನ್ನಿನಿಂದ ನೇರಳೆ ಇಳಿಯುತ್ತಿತ್ತು, ಹೊಟ್ಟೆಯ ಹತ್ತಿರ ಇನ್ನೂ ಹಳೆ ಬಣ್ಣ. ಬೆನ್ನ ಮೇಲೆ ಕಡ್ಡಿ ಆಗಷ್ಟೇ ಮೊಳಕೆಯೊಡೆದಿತ್ತು.

"ಯಾರೂ ಬಂದಿಲ್ಲ ಈ ಮನೆಗೆ" ಎಂದಳು ಅಕ್ಕ. "ಬೀಗದ ಕೈ ನನ್ನ ಹತ್ರಾನೇ ಇತ್ತು."

"ಮೀನಿನವನಿಗೆ ಫೋನ್ ಹಚ್ಚು. ನನ್ನೆದುರಿಗೆ ಹಚ್ಚು."

ಅಕ್ಕ ಹಚ್ಚಿದಳು. ಸ್ಪೀಕರಿನಲ್ಲಿ ಅವನ ದನಿ ಹಾಯಾಗಿತ್ತು. "ಹಾಂ ಮೇಡಂ, ಈ ಜಾತೀಲಿ ಹಾಗಾಗುತ್ತೆ. ಗಂಡು ಇಲ್ಲ ಅಂದ್ರೆ ದೊಡ್ಡ ಹೆಣ್ಣೇ ಗಂಡಾಗುತ್ತೆ. ಮಾಮೂಲು."

"ಅವತ್ತೇ ಯಾಕಯ್ಯಾ ಹೇಳಲಿಲ್ಲ?"

"ನೀವು ಕೇಳಲಿಲ್ಲವಲ್ಲ. ಗಂಡೋ ಹೆಣ್ಣೋ ಅಂದ್ರಿ, ಹೇಳಿದೆ. ಅಕ್ಕತಂಗೀರ ಮಾತು, ನಾನ್ಯಾಕೆ ನಡುವೆ ಬಾಯಿ ಹಾಕ್ಲಿ?"

"ಆ ಮೀನು ಎಲ್ಲಿದೆ?"

"ಅದು ಅವತ್ತೇ ಮಾರಾಟ ಆಯ್ತು ಮೇಡಂ. ಗಂಡು ನಿಲ್ಲೋದೇ ಇಲ್ಲ ನಮ್ಮಲ್ಲಿ. ಯಾರು ತಗೊಂಡ್ರೋ ನೆನಪಿಲ್ಲ."

ಅಕ್ಕ ಫೋನ್ ಇಟ್ಟು ತನ್ನ ಉಂಗುರವನ್ನೇ ನೋಡಿದಳು. "ನಾನು ಕುಟ್ಟಿದ್ದಕ್ಕೇ ಬಂತು ಅದು" ಎಂದಳು. "ನಾನೇ ಕರೆದೆ. ಕರೆದು ಬಲೆಗೆ ಕೊಟ್ಟೆ." ಕಣ್ಣಿಂದ ನೀರು ಇಳಿಯಿತು.

ತಂಗಿ ಕಾದಳು. ಮೀನಿಗಾಗಿ ಅಳುವುದು ಮುಗಿದ ಮೇಲೆ ತನ್ನ ಸರದಿ ಬರಬಹುದೆಂದು ಕಾದಳು. ಅಕ್ಕ ಮೂಗು ಒರೆಸಿಕೊಂಡು, ಬೀಗದ ಕೈಯನ್ನು ತಂದು ಅವಳ ಮುಂದಿಟ್ಟಳು. ಅಷ್ಟೇ. ತಂಗಿ ಅದನ್ನು ಮುಟ್ಟಲಿಲ್ಲ.

"ಮೀನಿಗೋಸ್ಕರ ಅತ್ತೆ. ನನಗೆ?" ಎಂದಳು. ದನಿ ಒಡೆಯಿತು, ಆದರೂ ನಿಲ್ಲಿಸಲಿಲ್ಲ. "ಅಮ್ಮನಿಗೆ ಫೋನ್ ಮಾಡಿ ಕಳ್ಳಿ ಅಂದ್ಯಲ್ಲ. ಅದೇ ಫೋನಲ್ಲಿ ಅಲ್ಲ ಅಂತ ಹೇಳು."

ಅಕ್ಕ ನಂಬರು ಒತ್ತಿದಳು. "ಅಮ್ಮ, ರಾಣಿ ಸತ್ತಿರಲಿಲ್ಲ. ಅದೇ ಗಂಡಾಗಿತ್ತು. ಇವಳದ್ದೇನೂ ತಪ್ಪಿಲ್ಲ. ನಾನೇ ಇಲ್ಲದ್ದು ಅಂದೆ."

ಸ್ಪೀಕರಿನಲ್ಲಿ ಅಮ್ಮನ ನಗು ಕೇಳಿತು. "ಹೆಣ್ಣು ಮೀನು ಗಂಡಾಯ್ತಾ? ನಮ್ಮ ಛತ್ರಿ ಹೇಳಿದ್ಲಾ?"

"ಅವಳು ಹೇಳಿದ್ದಲ್ಲ. ನಾನೇ ನೋಡ್ದೆ."

"ಪಕ್ಕದಲ್ಲೇ ಕೂತಿದಾಳಾ?"

"ಕೂತಿದಾಳೆ. ಅದಕ್ಕೇನೀಗ?"

"ಏನಿಲ್ಲ ಬಿಡು. ಎಷ್ಟಾದ್ರೂ ತಂಗಿ. ನೀನು ಬಿಟ್ಟುಕೊಡಲ್ಲ ಅಂತ ಗೊತ್ತು ನಂಗೆ."

"ಅಮ್ಮ, ನಾನು ಸುಳ್ಳು ಹೇಳ್ತಿದೀನಾ?"

"ಆಯ್ತಮ್ಮ, ಆಯ್ತು. ನಿಜಾನೇ ಅಂತ ಇಟ್ಕೊಳೋಣ" ಎಂದು ಅಮ್ಮ ನಗುತ್ತಲೇ ಫೋನ್ ಇಟ್ಟಳು.

ಅಕ್ಕನ ಮುಖ ಕಿವಿಯವರೆಗೆ ಕೆಂಪಾಯಿತು. ಐವತ್ತು ವರ್ಷದಲ್ಲಿ ಅವಳ ಮಾತನ್ನು ಯಾರೂ ಹೀಗೆ ನಕ್ಕು ಪಕ್ಕಕ್ಕಿಟ್ಟಿರಲಿಲ್ಲ. ತಂಗಿ ಆ ಮುಖವನ್ನು ನೋಡಿದಳು. ತನ್ನ ಮುಖ ಎಷ್ಟೋ ಸಲ ಹೀಗೇ ಕೆಂಪಾಗಿದ್ದುಂಟು.

ಅಕ್ಕ ಹಲ್ಲು ಕಚ್ಚಿ ಮತ್ತೆ ನಂಬರು ಒತ್ತಿದಳು. ಗಂಟೆ ಹೋಗುತ್ತಲೇ ಇತ್ತು. ಅಮ್ಮ ಎತ್ತಲಿಲ್ಲ.

"ಮಾಡು" ಎಂದಳು ತಂಗಿ, ಕುರ್ಚಿ ಎಳೆದುಕೊಂಡು ಎದುರಿಗೆ ಕೂತು. "ಎತ್ತೋ ತನಕ ಮಾಡು. ಮೂವತ್ತು ವರ್ಷದಿಂದ ನಾನು ಮಾಡ್ತಿರೋದು ಅದೇ."