ಬಂದೇ ಇಲ್ಲದವಳು

"ಯಾರಪ್ಪನ ಮನೆ ಕರೆಂಟು ಅಂತ ಚುಚ್ಚಿದೀಯೇ ಇದನ್ನ? ನಿಮ್ಮಪ್ಪ ಬಂದು ಕಂಬ ನೆಟ್ಟಿದ್ನಾ ಇಲ್ಲಿ?"

ಅತ್ತಿಗೆ ಮಂಡಿಯೂರಿ ಕಮೋಡಿನ ಹಿಂಭಾಗ ಉಜ್ಜುತ್ತಿದ್ದಳು. ತಲೆಯೆತ್ತಿ ನೋಡುವಷ್ಟರಲ್ಲಿ ಸೂಪರ್‌ವೈಸರ್ ಇಸ್ತ್ರಿ ಅವಳ ಫೋನನ್ನು ಗೋಡೆಯ ಪ್ಲಗ್ಗಿನಿಂದ ಕಿತ್ತು, ಸತ್ತ ಇಲಿಯನ್ನು ಬಾಲ ಹಿಡಿದು ಎತ್ತುವ ಹಾಗೆ ವೈರು ಹಿಡಿದು ಎತ್ತಿದ್ದ. ಹೆಂಗಸರ ಕಕ್ಕಸಿಗೆ ಬಾಗಿಲು ತಟ್ಟದೆ ನುಗ್ಗುವುದು ಅವನಿಗೆ ಹೊಸದೇನಲ್ಲ. ಒಳಗಿರುವವರು ಕೆಲಸದವರು ಎಂದು ಗೊತ್ತಾದರೆ ಸಾಕು, ಅವನ ಪಾಲಿಗೆ ಅದು ಹೆಂಗಸರ ಕಕ್ಕಸಲ್ಲ.

ಇಸ್ತ್ರಿ ಅವನ ನಿಜವಾದ ಹೆಸರಲ್ಲ. ಅಂಗಿಯ ಗೆರೆ ಸಂಜೆಯವರೆಗೂ ಮುರಿಯುವುದಿಲ್ಲ ಎಂದು ಹೆಂಗಸರು ಅವನಿಗೆ ಇಸ್ತ್ರಿ ಎಂದು ಹೆಸರಿಟ್ಟಿದ್ದರು. ಅತ್ತಿಗೆ ಎನ್ನುವುದೂ ಅವಳ ಹೆಸರಲ್ಲ. ಅವಳ ನಾದಿನಿಯೂ ಇದೇ ಕಟ್ಟಡದಲ್ಲಿ ಗುಡಿಸುತ್ತಾಳೆ. ಅವಳು ಕರೆದದ್ದೇ ಎಲ್ಲರ ಬಾಯಿಗೆ ಬಂದು, ವಯಸ್ಸಿನಲ್ಲಿ ಹಿರಿಯಳಾದ ಗೊಗ್ಗರಮ್ಮ ಕೂಡ ತನ್ನ ಒಡಕು ಗಂಟಲಲ್ಲಿ ಅತ್ತಿಗೆ ಎಂದೇ ಕೂಗುತ್ತಾಳೆ.

"ಒಂಚೂರು ಹೊತ್ತು ಸಾರ್. ಸಂಜೆ ಮುಖ ತೋರ್ಸೋಕೆ ಆಗೋವಷ್ಟು ತುಂಬಿದ್ರೆ ಸಾಕು."

"ಮನೇಲಿ ತುಂಬಿಸ್ಕೊಂಡು ಬಾ. ಇದು ಕಳ್ತನ ಕಣೇ. ಕಾಸು ಕದ್ರೂ ಕಳ್ತನ, ಕರೆಂಟು ಕದ್ರೂ ಕಳ್ತನ. ಲೌಡಿ ಮುಂಡೇವು, ಕೈಗೆ ಪೊರಕೆ ಕೊಟ್ರೆ ಕಟ್ಟಡಾನೇ ನಮ್ದು ಅನ್ಕೋತೀರ."

ಅವನು ಚಾರ್ಜರಿನ ವೈರನ್ನು ನಿಧಾನವಾಗಿ ಸುತ್ತಿ ಜೇಬಿಗೆ ಹಾಕಿಕೊಂಡ. ಫೋನನ್ನು ಒದ್ದೆ ಬೇಸಿನ್ನಿನ ಅಂಚಿಗೆ ಎಸೆದು ಹೊರಗೆ ನಡೆದ. ಅತ್ತಿಗೆ ಸೀರೆಯ ಸೆರಗಿನಲ್ಲಿ ಫೋನು ಒರೆಸಿಕೊಂಡು, ಚಾರ್ಜರಾದರೂ ವಾಪಸ್ಸು ಕೊಡಿ ಎಂದು ಕೇಳಲು ಹಿಂದೆಯೇ ಹೋದಳು.

ಹೊರಗೆ ಪಡಸಾಲೆಯಲ್ಲಿ ಟೈ ಕಟ್ಟಿದ ಒಬ್ಬ ಯುವಕ ಫೋನು ಹಿಡಿದು ಗೋಡೆ ತಡಕುತ್ತಿದ್ದ. ಇಸ್ತ್ರಿಯ ಬೆನ್ನು ತಾನಾಗಿಯೇ ಬಾಗಿತು.

"ಚಾರ್ಜಿಂಗಾ ಸಾರ್? ಇಲ್ಲಿದೆ ನೋಡಿ, ಇಲ್ಲೇ. ಏಯ್, ಬಾರೇ ಇಲ್ಲಿ. ಪ್ಲಗ್ಗಲ್ಲಿ ಧೂಳು ನೋಡು, ಒರೆಸು."

ಅತ್ತಿಗೆ ಒರೆಸಿದಳು.

"ಎಪ್ಪತ್ತರ ಮೇಲಿದೆ," ಎಂದ ಯುವಕ, ಫೋನು ಚುಚ್ಚುತ್ತ. "ಆದ್ರೂ ಮೀಟಿಂಗಿಗೆ ಮುಂಚೆ ತುಂಬಿಸಿಬಿಡೋಣ ಅಂತ."

"ಒಳ್ಳೇದು ಸಾರ್. ಅರ್ಧಂಬರ್ಧ ಇಟ್ಕೋಬಾರ್ದು."

ಅತ್ತಿಗೆ ಚಾರ್ಜರ್ ಕೇಳಲಿಲ್ಲ. ಕೇಳಿದ್ದರೆ ಆ ಯುವಕನ ಎದುರಿಗೇ ಇನ್ನೊಂದು ಸಲ ಲೌಡಿ ಎನಿಸಿಕೊಳ್ಳಬೇಕಾಗುತ್ತಿತ್ತು. ಹೊಟ್ಟೆಯೊಳಗೆ ಬೆಂಕಿ ಬಿದ್ದ ಹಾಗಾಗಿತ್ತು ಅವಳಿಗೆ. ಆ ಬೆಂಕಿಯಿಂದ ಫೋನೇನೂ ತುಂಬುವುದಿಲ್ಲವಲ್ಲ, ಹೋಗಿ ಉಳಿದ ಕಮೋಡುಗಳನ್ನು ಉಜ್ಜಿದಳು.

ಮೊದಲು ಹೀಗಿರಲಿಲ್ಲ. ಬಂದ ಕೂಡಲೇ ಹೆಬ್ಬೆಟ್ಟು ಒತ್ತುವುದು, ಹೋಗುವಾಗ ಒತ್ತುವುದು, ಅಷ್ಟೇ. ಗುತ್ತಿಗೆ ಕಂಪನಿಯವರು ಆ ಯಂತ್ರ ಕಿತ್ತುಹಾಕಿ, ಸೂಪರ್‌ವೈಸರಿಂದ ಹಿಡಿದು ಎಲ್ಲರ ಹಾಜರಿಯೂ ಇನ್ನು ಅವರವರ ಫೋನಿನಲ್ಲೇ ಎಂದರು. ಫೋನು ಇಲ್ಲದವರು ಕೊಂಡುಕೊಳ್ಳಿ, ಕೊಳ್ಳಲಾಗದವರು ಬರಬೇಡಿ ಎಂದರು. ಈಗ ಫೋನು ಅದಕ್ಕೆ ಮನಸ್ಸು ಬಂದಾಗ ಕೂಗುತ್ತದೆ. ಕೂಗಿದ ಕೂಡಲೇ ಪೊರಕೆ ಬಿಸಾಕಿ ಮುಖ ತೋರಿಸಬೇಕು. ಒಂದು ಕೂಗು ತಪ್ಪಿದರೂ ಅವತ್ತು ಬಂದೇ ಇಲ್ಲ ಎಂದು ಅದು ಬರೆದುಕೊಳ್ಳುತ್ತದೆ. ಹಾಗೆ ಮೂರು ಸಲವಾದರೆ ಕೆಲಸವೇ ಇಲ್ಲ. ಅತ್ತಿಗೆಗೆ ಆಗಲೇ ಎರಡು ಸಲವಾಗಿತ್ತು.

ಮಧ್ಯಾಹ್ನ ಹೆಂಗಸರು ಮೆಟ್ಟಿಲ ಕೆಳಗಿನ ಸಂದಿಯಲ್ಲಿ, ಫಿನಾಯಿಲ್ ಡಬ್ಬಗಳ ನಡುವೆ ಬುತ್ತಿ ಬಿಚ್ಚಿದರು. ಅಲ್ಲೂ ಒಂದು ಪ್ಲಗ್ಗಿತ್ತು. ಇಸ್ತ್ರಿ ಅದರ ಬಾಯಿಗೆ ಅಗಲದ ಟೇಪು ಮೆತ್ತಿಸಿದ್ದ. ಅತ್ತಿಗೆಯ ಫೋನಿನ ಬ್ಯಾಟರಿ ಊದಿಕೊಂಡು ಹಿಂದಿನ ಮುಚ್ಚಳ ಕೂರುತ್ತಿರಲಿಲ್ಲ; ಅದಕ್ಕೆ ರಬ್ಬರ್ ಬ್ಯಾಂಡ್ ಸುತ್ತಿದ್ದಳು.

"ಎಷ್ಟು ತಿಂಗಳು ಅತ್ತಿಗೆ ಇದಕ್ಕೆ?" ಎಂದಳು ಗೊಗ್ಗರಮ್ಮ. "ಇಲ್ಲೇ ಹೆರಿಗೆ ಆಗಿಬಿಟ್ರೆ ಒರೆಸೋಕೆ ಮತ್ತೆ ನಮ್ಮನ್ನೇ ಕರೀತಾರೆ, ಹುಷಾರು."

ಎಲ್ಲರೂ ನಕ್ಕರು. ಅತ್ತಿಗೆಯೂ ನಕ್ಕಳು.

"ಮನೇಲಿ ತುಂಬಿಸ್ಕೊಂಡು ಬಾ ಅಂತಾನೆ ಹಾಳಾದೋನು. ಇರೋದೊಂದು ಪ್ಲಗ್ಗು. ಮಲಗೋ ಹೊತ್ತಿಗೆ ಬಾಡಿಗೆ ಮನೆ ಯಜಮಾನಿ ಮೈನ್ ಸ್ವಿಚ್ಚೇ ಇಳಿಸ್ತಾಳೆ, ಮೀಟರ್ ಓಡುತ್ತೆ ಅಂತ. ಬೆಳಿಗ್ಗೆ ಅವಳು ಏಳೋದನ್ನೇ ಕಾಯ್ಬೇಕು."

"ಅಣ್ಣಂದೂ ಚುಚ್ಬೇಕಲ್ಲ," ಎಂದಳು ನಾದಿನಿ.

ಅದೂ ನಿಜವೇ. ಗಂಡ ರಾತ್ರಿ ಪಾಳಿಯ ಕಾವಲುಗಾರ. ಅವನ ಫೋನು ರಾತ್ರಿ ಕೂಗುತ್ತದೆ, ಇವಳದು ಹಗಲು ಕೂಗುತ್ತದೆ. ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿದ್ದಕ್ಕಿಂತ ಹೆಚ್ಚು ಸಲ ಈ ಎರಡು ಫೋನುಗಳು ಅವರ ಮುಖ ನೋಡಿವೆ. ಅವನು ಬರುವ ಹೊತ್ತಿಗೆ ಇವಳು ತನ್ನದನ್ನು ಕಿತ್ತು ಅವನದನ್ನು ಚುಚ್ಚಿ ಹೊರಡುತ್ತಾಳೆ. ತುಂಬಿದ್ದಷ್ಟೂ ತೂತು ಬಿಂದಿಗೆಯ ನೀರು. ಕೆಲಸಕ್ಕೆ ಬಂದು ಎರಡು ಮಹಡಿ ಗುಡಿಸುವುದರೊಳಗೆ ಅರ್ಧ ಸೋರಿ ಹೋಗಿರುತ್ತದೆ.

ಅವರೆಲ್ಲ ಊಟ ಮಾಡುತ್ತಿದ್ದಾಗಲೇ ಫೋನುಗಳು ಒಟ್ಟಿಗೇ ಕೂಗಿದವು. ಎಂಜಲು ಕೈ ಹಿಂದಕ್ಕಿಟ್ಟು ಎಲ್ಲರೂ ಮುಖ ತೋರಿಸಿದರು. ಅತ್ತಿಗೆಯ ಫೋನು ಅವಳ ಮುಖ ನೋಡಿ, ಒಪ್ಪಿಕೊಂಡು, ಜೊತೆಗೇ ಕೆಂಪು ಗೆರೆ ತೋರಿಸಿತು.

"ಮಧ್ಯಾಹ್ನದ್ದು ಆಯ್ತು. ಇನ್ನು ಬಿಡೋ ಹೊತ್ತಿಗೇ ತಾನೆ ಕೂಗೋದು?" ಎಂದು ಅತ್ತಿಗೆ ಫೋನನ್ನು ಒತ್ತಿಹಿಡಿದು ಆರಿಸಿಯೇಬಿಟ್ಟಳು.

"ಅತ್ತಿಗೆ, ಆರಿಸ್ಬೇಡ. ನಡುವೆ ಕೂಗಿದ್ರೆ?" ಎಂದಳು ನಾದಿನಿ.

"ಸುಮ್ನಿರೇ. ದೀಪ ಆರಿಸಿಟ್ರೆ ಎಣ್ಣೆ ಉಳಿಯುತ್ತೆ. ಇದೂ ಹಂಗೇ."

ಹುಟ್ಟಿದಾಗಿನಿಂದ ಹಾಗೇ ಬದುಕಿದವಳು ಅವಳು. ಸೋಪು ಸವೆದು ಚೂರಾದರೆ ಹೊಸ ಸೋಪಿಗೆ ಮೆತ್ತುವವಳು, ಒಲೆಯ ಮೇಲಿನ ಪಾತ್ರೆ ಕುದಿಯುವ ಮೊದಲೇ ಉರಿ ತಗ್ಗಿಸುವವಳು. ಉಳಿಸಿದರೆ ತಪ್ಪಾಗುತ್ತದೆ ಎಂದು ಅವಳಿಗೆ ಯಾರೂ ಯಾವತ್ತೂ ಹೇಳಿರಲಿಲ್ಲ.

ಇಳಿಹೊತ್ತಿಗೆ ಅವಳು ಮೇಲಿನ ಮಹಡಿಯ ಗಾಜಿನ ಕೋಣೆಯಲ್ಲಿ ಉದ್ದ ಮೇಜು ಒರೆಸುತ್ತಿದ್ದಳು. ಮೆಟ್ಟಿಲುಗಳ ಮೇಲೆ ಓಡಿಬರುವ ಸದ್ದು. ನಾದಿನಿ ಏದುಸಿರು ಬಿಡುತ್ತ ಗಾಜಿಗೆ ಎರಡೂ ಅಂಗೈ ಬಡಿದಳು. ಕೆಲಸದವರು ಲಿಫ್ಟು ಹತ್ತುವಂತಿಲ್ಲ.

"ಅತ್ತಿಗೆ, ಕೂಗ್ತು. ಹಚ್ಚು, ಬೇಗ ಹಚ್ಚು."

ಅತ್ತಿಗೆಯ ಕೈ ಒದ್ದೆಯಾಗಿತ್ತು. ಗುಂಡಿ ಒತ್ತಿ ಹಿಡಿದಳು. ಫೋನು ನಡುಗಿತು. ಸಾವಕಾಶವಾಗಿ ಎಚ್ಚರವಾಗಿ, ಮೈಮುರಿದು, ತಯಾರಿಸಿದ ಕಂಪನಿಯ ಹೆಸರನ್ನು ಒಂದೊಂದೇ ಅಕ್ಷರವಾಗಿ ಅರಳಿಸಿ, ತನ್ನದೇ ಮೆರವಣಿಗೆಯೋ ಎಂಬಂತೆ ಸಂಗೀತ ಬಾರಿಸಿತು.

"ಥೂ, ನಿನ್ನ ವೈಭವಕ್ಕೆ ಬೆಂಕಿ ಹಾಕ," ಎಂದು ನಾದಿನಿ ಅದನ್ನು ಬೈದಳು.

ಹಾಜರಿಯ ಚೌಕ ತೆರೆದುಕೊಂಡಿತು. ಅತ್ತಿಗೆ ಮುಖ ಒಡ್ಡಿದಳು. ತನ್ನ ಮುಖ ಒಂದು ಕ್ಷಣ ಕಂಡಿತು. ಬೆವರಿಗೆ ಅಂಟಿದ ಕೂದಲು, ತೆರೆದ ಬಾಯಿ. ಪರದೆ ಕಪ್ಪಾಯಿತು. ಮತ್ತೆ ಎಷ್ಟು ಒತ್ತಿದರೂ ಅದು ಏಳಲಿಲ್ಲ. ಎದೆಯ ಶಾಖಕ್ಕಾದರೂ ಏಳಲಿ ಎಂದು ರವಿಕೆಯೊಳಗೆ ಇಟ್ಟುಕೊಂಡು ನೋಡಿದಳು. ಆಮೇಲೆ ಅರ್ಧ ಒರೆಸಿದ ಮೇಜು ನೆನಪಾಗಿ ಉಳಿದರ್ಧ ಒರೆಸಿದಳು.

ಬಿಡುವ ಹೊತ್ತಿಗೆ ಮುಂಬಾಗಿಲ ಹಜಾರ ಒರೆಸುವುದು ಅವಳ ಪಾಲಿನ ಕೊನೆಯ ಕೆಲಸ. ಊರಿನ ಧೂಳೆಲ್ಲ ಬೂಟುಗಳಿಗೆ ಅಂಟಿ ಬಂದು ಬೀಳುವುದು ಅಲ್ಲಿಯೇ. ಕನ್ನಡಿಯಂಥ ಕಲ್ಲು, ಒಂದು ಹೆಜ್ಜೆ ಬಿದ್ದರೂ ಕಾಣುತ್ತದೆ. ಒರೆಸಿ ಮುಗಿಸಿದಾಗ ಬಕೆಟ್ಟಿನ ನೀರು ಮಸಿಯಾಗಿತ್ತು. ಉಳಿದ ಹೆಂಗಸರೂ ಪೊರಕೆ, ಕಸದ ಚೀಲ ಹಿಡಿದು ಬಂದು ಗೋಡೆಗೆ ಒತ್ತಿ ನಿಂತರು. ಇಸ್ತ್ರಿ ತನ್ನ ಫೋನು ನೋಡುತ್ತ ಬಂದ.

"ನಿನ್ನದು ಮೂರಾಯ್ತು ಕಣೇ. ಇವತ್ತೂ ಬಂದಿಲ್ಲ ನೀನು."

ಅತ್ತಿಗೆ ಒರೆಸುವ ಕೋಲು ಹಿಡಿದು ಅವನೆದುರಿಗೇ ನಿಂತಿದ್ದಳು.

"ಬೆಳಿಗ್ಗೆ ನೀವೇ ಬೈದ್ರಲ್ಲ ಸಾರ್ ನನ್ನ. ಬಂದಿಲ್ಲ ಅಂದ್ರೆ ಯಾರನ್ನ ಬೈದ್ರಿ?"

"ನಂಗೊತ್ತಿಲ್ಲ. ಇದ್ರಲ್ಲಿ ಇಲ್ಲ."

"ಕಣ್ಣಲ್ಲಿ ಕಾಣ್ತಿದೀನಲ್ಲ."

"ನನ್ನ ಕಣ್ಣು ತಗೊಂಡು ಏನ್ಮಾಡ್ತೀಯ? ಮೇಲಿನೋರು ನೋಡೋದು ಇದನ್ನ. ಇದು ಬಂದಿಲ್ಲ ಅಂದ್ರೆ ಬಂದಿಲ್ಲ. ನಾಳೆಯಿಂದ ಬರ್ಬೇಡ."

"ಇವತ್ತೇ ಬಂದಿಲ್ವಂತೆ. ನಾಳೆ ಬರ್ಬೇಡ ಅಂತ ಯಾರಿಗೆ ಹೇಳ್ತಿದೀರ ಸಾರ್?"

ಗೋಡೆಯ ಬದಿಯಿಂದ ಯಾರೋ ಕಿಸಕ್ಕೆಂದರು. ಇಸ್ತ್ರಿಯ ಕಿವಿ ಕೆಂಪಾಯಿತು.

"ಬಾಯಿ ಮುಚ್ಚೇ ಬೋಸುಡಿ. ಬಕೆಟ್ಟು ತಗೊಂಡು ತೊಲಗು ಇಲ್ಲಿಂದ."

ಅತ್ತಿಗೆ ನೆಲ ನೋಡಿದಳು. ದೀಪಗಳೆಲ್ಲ ಅದರೊಳಗೆ ಬಿದ್ದು ಹೊಳೆಯುತ್ತಿದ್ದವು. ಮೈಯೊಳಗಿನ ಸಿಟ್ಟು ಎಲ್ಲಿಗೋ ಇಳಿದು, ತಲೆ ತಿಳಿಯಾಯಿತು. ಇಷ್ಟು ನಿರಾಳ ಅವಳಿಗೆ ಅನಿಸಿ ಎಷ್ಟೋ ಕಾಲವಾಗಿತ್ತು.

"ನಾನು ಬಂದಿಲ್ಲ ಅಂದ್ಮೇಲೆ ಇದನ್ನ ಒರೆಸಿದ್ದು ಯಾರು ಸಾರ್?"

"ಯಾರೋ."

"ಯಾರೂ ಒರೆಸಿಲ್ಲ," ಎಂದು ಅತ್ತಿಗೆ ಬಕೆಟ್ಟನ್ನು ಎರಡೂ ಕೈಯಲ್ಲಿ ಎತ್ತಿ, ಅಂಗಳಕ್ಕೆ ನೀರು ಚೆಲ್ಲುವ ಹಾಗೆ ಬೀಸಿ ಚೆಲ್ಲಿದಳು.

ಮಸಿ ನೀರು ಹಜಾರದ ಉದ್ದಕ್ಕೂ ಹರಡಿತು. ಇಸ್ತ್ರಿ ಹಿಂದಕ್ಕೆ ನೆಗೆದ. ಅವನ ಬಾಯಿಂದ ಮಾತು ಹೊರಡುವ ಮೊದಲೇ ಗೊಗ್ಗರಮ್ಮ ತನ್ನ ಕಸದ ಚೀಲದ ಗಂಟು ಬಿಚ್ಚಿ, "ಪಾಪ, ಒಬ್ಬಳೇ ಬಂದಿಲ್ಲ ಅಂದ್ರೆ ಬೇಜಾರಾಗುತ್ತೆ," ಎನ್ನುತ್ತ ಇಡೀ ದಿನದ ಕಾಗದದ ಲೋಟ, ಕಣ್ಣೊರೆಸಿದ, ಮೂಗೊರೆಸಿದ ಕಾಗದಗಳನ್ನೆಲ್ಲ ಆ ನೀರಿನ ಮೇಲೆ ಸುರಿದಳು.

ಅಷ್ಟರಲ್ಲಿ ಲಿಫ್ಟಿನ ಬಾಗಿಲು ತೆರೆಯಿತು. ಕಟ್ಟಡದ ಮ್ಯಾನೇಜರ್ ಹೊರಗೆ ಕಾಲಿಟ್ಟವನು ಹಾಗೇ ಒಳಕ್ಕೆ ಎಳೆದುಕೊಂಡ.

"ಏನ್ರೀ ಇದು? ಯಾರು ಮಾಡಿದ್ದು?"

"ಇವಳೇ ಸಾರ್," ಎಂದ ಇಸ್ತ್ರಿ.

"ಯಾರಿವಳು? ನಿಮ್ಮ ಕೆಲಸದವಳಾ?"

"ಹೌದು ಸಾರ್. ಅಂದ್ರೆ... ಇವತ್ತು..."

"ನಾನು ಬಂದಿಲ್ಲ ಸಾರ್," ಎಂದಳು ಅತ್ತಿಗೆ. "ಅವರ ಫೋನಲ್ಲೇ ಇದೆ, ನೋಡಿ."

ಮ್ಯಾನೇಜರ್ ಕೈ ಚಾಚಿ ಫೋನು ಇಸಿದುಕೊಂಡು ನೋಡಿದ.

"ಬಂದೇ ಇಲ್ಲ ಅಂತಿದೆ. ಬಂದಿಲ್ಲದೋಳು ಒಳಗೆ ಹೆಂಗ್ರೀ ಬಂದ್ಲು? ಬೆಳಿಗ್ಗೆಯಿಂದ ಎಲ್ಲಾ ಮಹಡಿ ತಿರುಗಿದಾಳಾ? ನಾಳೆ ಏನಾದ್ರೂ ಕಳುವಾದ್ರೆ ಯಾರ್ರೀ ಜವಾಬ್ದಾರಿ? ನಿಮ್ಮ ಕಂಪನಿಗೆ ಗುತ್ತಿಗೆ ಕೊಟ್ಟಿರೋದು ಯಾಕೆ?"

ಇಸ್ತ್ರಿಯ ಹಣೆಯಲ್ಲಿ ಬೆವರು ಮೂಡಿತು. ಫೋನು ವಾಪಸ್ಸು ತೆಗೆದುಕೊಂಡು, ಏನನ್ನೋ ಒತ್ತಿ, ಮತ್ತೆ ಒತ್ತಿ, ಅತ್ತಿಗೆಯ ಹೆಸರಿನ ಮುಂದಿನ ಕೆಂಪನ್ನು ಹಸಿರು ಮಾಡಿದ. ಅದನ್ನು ಬದಲಿಸುವುದು ಅವನ ಬೆರಳಿನಲ್ಲೇ ಇತ್ತು ಎನ್ನುವುದು ಹೆಂಗಸರಿಗೆಲ್ಲ ಆಗ ಗೊತ್ತಾಯಿತು.

"ಬಂದಿದಾಳೆ ಸಾರ್. ಏನೋ ತಪ್ಪಾಗಿತ್ತು."

"ಹಿಂದಿನ ಎರಡೂ ತಪ್ಪೇ ಸಾರ್," ಎಂದಳು ಅತ್ತಿಗೆ.

ಮ್ಯಾನೇಜರ್ ಎದುರಿಗಿದ್ದ. ಇಸ್ತ್ರಿ ಹಲ್ಲು ಕಚ್ಚಿಕೊಂಡು ಅವೆರಡನ್ನೂ ಒತ್ತಿದ. ಒತ್ತಿ ಮುಗಿಸಿ, "ಈಗ ನಾನು ಹೇಳ್ತಿದೀನಿ, ಕೇಳ್ಕೋ. ಕೆಲಸದಿಂದ ತೆಗೆದಿದೀನಿ ನಿನ್ನ. ನಡಿ," ಎಂದ.

"ಹೋಗ್ತೀನಿ. ನಿಮ್ಮ ಬಾಯಲ್ಲಿ ಹೇಳಿದ್ರಲ್ಲ, ಅಷ್ಟು ಸಾಕು. ಬಂದಿದ್ದೋಳನ್ನ ತೆಗೆದ್ರಿ ಅಂತ ನಾಲ್ಕು ಜನ ಕೇಳಿಸ್ಕೊಂಡ್ರು."

ಹಾಗೆಂದಳೇ ಹೊರತು ಕೆಲಸ ಹೋಗಿತ್ತು. ಮನೆಗೆ ಹೋಗಿ ಗಂಡನಿಗೆ ಹೇಳಬೇಕಿತ್ತು, ಅವನು ಡ್ಯೂಟಿಗೆ ಹೊರಡುವ ಮೊದಲೇ ಹೇಳಬೇಕಿತ್ತು. ಅತ್ತಿಗೆ ಒರೆಸುವ ಕೋಲನ್ನು ಇಸ್ತ್ರಿಯ ಕೈಗೆ ಕೊಟ್ಟಳು. ಅವನು ಯೋಚಿಸದೆ ಹಿಡಿದುಕೊಂಡ. ಹಿಡಿದುಕೊಂಡ ಮೇಲೆ ಗೋಡೆಯ ಕಡೆ ಚಾಚಿದ.

"ಏಯ್ ಗೊಗ್ಗರಿ, ಹಿಡಿ. ಬೇಗ ಒರೆಸು."

ಗೊಗ್ಗರಮ್ಮ ಅವನ ಕಣ್ಣೆದುರಿಗೇ ತನ್ನ ಫೋನನ್ನು ಎತ್ತಿ, ಪಕ್ಕದ ಗುಂಡಿಯನ್ನು ಒತ್ತಿ ಹಿಡಿದಳು. ಅದು ತಣ್ಣಗೆ ಒಂದು ರಾಗ ನುಡಿಸಿ ಆರಿತು.

"ನಂದು ಆಫಾಗಿದೆ ಸಾರ್. ನಾನೂ ಬಂದಿಲ್ಲ."

ಕೋಲು ನಾದಿನಿಯ ಕಡೆ ತಿರುಗಿತು. ಮನೆಯಲ್ಲಿ ಇನ್ನು ಉಳಿದಿದ್ದ ಹಗಲ ಕೆಲಸ ಅವಳದೊಂದೇ. ಅತ್ತಿಗೆ ಬೇಡ ಎಂದು ಕಣ್ಣಲ್ಲೇ ಹೇಳಿದಳು. ನಾದಿನಿ ನೋಡಿದರೂ ನೋಡದವಳಂತೆ ಗುಂಡಿ ಒತ್ತಿದಳು. ಅವಳ ಪಕ್ಕದವಳು ಒತ್ತಿದಳು. ಆಚೆಯವಳೂ ಒತ್ತಿದಳು. ಬೇರೆ ಬೇರೆ ಫೋನುಗಳ ಬೇರೆ ಬೇರೆ ರಾಗ, ಒಂದರ ಹಿಂದೆ ಒಂದು ಆರಿದವು.

"ಒರೆಸೋರು ಯಾರ್ರೀ ಈಗ?" ಎಂದ ಮ್ಯಾನೇಜರ್ ಲಿಫ್ಟಿನೊಳಗಿಂದ. ಬಾಗಿಲು ಮುಚ್ಚಲು ಬಂದಾಗಲೆಲ್ಲ ಅವನು ಕೈಯಿಂದ ತಡೆಯುತ್ತಿದ್ದ. ನೀರು ಹರಿದು ಲಿಫ್ಟಿನ ಸಂದಿಯ ಹತ್ತಿರಕ್ಕೆ ಬಂದಿತ್ತು.

ಆಗ ಬಿಡುವ ಹೊತ್ತಿನ ಕೂಗು ಬಂತು. ಅಷ್ಟು ಜನರ ನಡುವೆ ಒಂದೇ ಒಂದು ಫೋನು ಕೂಗುತ್ತಿತ್ತು, ಇಸ್ತ್ರಿಯ ಕೈಯಲ್ಲಿದ್ದದ್ದು. ಅವನು ಒಂದು ಕೈಯಲ್ಲಿ ಒರೆಸುವ ಕೋಲು, ಇನ್ನೊಂದು ಕೈಯಲ್ಲಿ ಫೋನು ಹಿಡಿದು ಮ್ಯಾನೇಜರನ್ನೂ ನೀರನ್ನೂ ನೋಡುತ್ತ ನಿಂತಿದ್ದ.

"ಮುಖ ತೋರ್ಸಿ ಸಾರ್," ಎಂದಳು ಗೊಗ್ಗರಮ್ಮ. "ತಡ ಆದ್ರೆ ನೀವೂ ಬಂದಿಲ್ಲ."